ಮೈನಸ್ಸು ಪ್ಲಸ್ಸಾಗೋದು ನೋಡ್ತಾ

ಅಪ್ಪ ರೆಕಾರ್ಡ್ ಮಾಡಿಟ್ಟಿದ್ದ ಊರಿನ ತಾಳಮದ್ದಳೆಗಳೆಲ್ಲ ಇರೋ ಹಾರ್ಡ್ ಡಿಸ್ಕು ಸಾಯ್ತಾ ಇದೆ, ಬೆಳಗ್ಗಿಂದ ಡಿಡಿರೆಸ್ಕ್ಯೂ ಅನ್ನೋ, ಕೆಡ್ತಿರೋ ಡಿಸ್ಕಿಂದ ಡೇಟಾ ಉಳಿಸೋ ಪ್ರೋಗ್ರಾಮ್ ಓಡಿಸ್ಕೊಂಡು ಕೂತಿದೀನಿ.

ಡಿಸ್ಕಿಂದ ಟಕ್ ಟಕ್ ಸೌಂಡ್ ಬರ್ತಿಲ್ಲ, ಪುಣ್ಯ. ಇದ್ದಿದ್ರೆ ಪವರ್ ತೆಗೆದು ರಿಕವರಿ ಲ್ಯಾಬಿಗೆ ಕೊಡೋದೇ ದಾರಿ.

ಈ ಪ್ರೋಗ್ರಾಮ್ ಕೆಲಸ ಮಾಡೋ ರೀತಿ ನಂಗೆ ತುಂಬಾ ಇಷ್ಟ ಆಯ್ತು. ಎಲ್ಲಿ ಓದೋಕಾಗಲ್ವೋ ಅಲ್ಲಿ ಹಠ ಹಿಡಿಯಲ್ಲ, ದಾಟಿ ಮುಂದೆ ಹೋಗಿ ಸುಲಭವಾಗಿ ಸಿಗೋದನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಇಮೇಜ್ (ಇದ್ದ ಹಾಗೇ ನಕಲು) ಮಾಡ್ಕೊಳ್ಳುತ್ತೆ, ಆಮೇಲೆ ವಾಪಸ್ ಬಂದು ಕಷ್ಟದ ಜಾಗಗಳನ್ನ ಒಂದೊಂದೇ ಸೆಕ್ಟರ್, ಅಂದ್ರೆ ಡಿಸ್ಕಿನ ಪುಟ್ಟ ತುಂಡು, ಹಿಡಿದು ಕೆದಕುತ್ತೆ. ಇದರ ಲೆಕ್ಕ ಇಡೋಕೆ ಮ್ಯಾಪ್ ಫೈಲ್ ಅಂತ ಒಂದಿದೆ, ಸಿಕ್ಕಿದ್ದಕ್ಕೆ ಪ್ಲಸ್, ಕೆಟ್ಟಿದ್ದಕ್ಕೆ ಮೈನಸ್. ಮಧ್ಯಾಹ್ನ ಒಂದು ಮೈನಸ್ಸು ಪ್ಲಸ್ ಆಯ್ತು ನೋಡಿ, ಕಣ್ಣು ತುಂಬಿಬಂತು. ಒಂದು ಸೆಕ್ಟರ್ ಅಂದ್ರೆ ಸಾಮಾನ್ಯವಾಗಿ ಬರೀ 512 ಬೈಟು, ಆದ್ರೂ ಅದು ಭಾಗವತರ ಒಂದು ಉಸಿರಾಗಿರಬಹುದಲ್ವಾ.

ವಯಸ್ಸಾದವರ ಹತ್ರ ಹಳೇ ಕಥೆ ಕೇಳೋದೂ ಹೀಗೇ ಅನ್ಸುತ್ತೆ, ನೆನಪಿರೋದನ್ನ ಮೊದಲು ಹೇಳೋಕೆ ಬಿಡ್ಬೇಕು, ಮರೆತಿದ್ದನ್ನ ಇನ್ನೊಂದ್ಸಲ ಮೆತ್ತಗೆ ಕೇಳ್ಬೇಕು.

ಕರ್ಣಪರ್ವದ ಫೈಲಲ್ಲಿ ಇನ್ನೂ ಗ್ಯಾಪ್ ಇದೆ, ಅರ್ಥಧಾರಿ ಮಾತಾಡ್ತಾ ಮಾತಾಡ್ತಾ ಕಟ್ಟಾಗ್ತಾರೆ. ಈಗ ಡಿಸ್ಕನ್ನ ಕೊನೆಯಿಂದ ಮೊದಲಿನ ಕಡೆಗೆ ಓದಿಸ್ತಿದೀನಿ, ಕೆಲವೊಮ್ಮೆ ಹಾಗೆ ಸಿಗುತ್ತಂತೆ. ಊರಿನವರು ಯಾರಾದ್ರೂ ಅವತ್ತು ಮೊಬೈಲಲ್ಲಿ ರೆಕಾರ್ಡ್ ಮಾಡಿದ್ರೆ ದಯವಿಟ್ಟು ಕಳಿಸಿ.