ಕುಂಗ್‌ಫು ಕ್ಲಾಸಿನ ನೋಟ್‌ಬುಕ್ಕಿಗೆ ಕನ್ನಡ ಅಕ್ಷರವೇ ಸಾಕು

ಮಡಿಕೇರಿಯಿರಲಿ, ಗೋಣಿಕೊಪ್ಪವಿರಲಿ, ವುಶು, ಅಂದರೆ ಚೀನಾದ ಸಮರಕಲೆ, ಕಲಿಯುವ ಮಕ್ಕಳು ಚೀನೀ ಹೆಸರುಗಳನ್ನು ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಬರೆದುಕೊಂಡು, ಆಮೇಲೆ ಅದನ್ನು ಇಂಗ್ಲಿಷಿನಂತೆಯೇ ಓದುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿಂದ. ಆ ಸ್ಪೆಲಿಂಗ್ ಇಂಗ್ಲಿಷ್ ಅಲ್ಲ, ಪಿನ್‌ಯಿನ್. ಚೀನಾ ಅದನ್ನು 1958ರಲ್ಲಿ ಜಾರಿಗೆ ತಂದಿತು. ಅಕ್ಷರ ರೋಮನ್ನಿನದು, ಉಚ್ಚಾರ ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್ನಿನದು.

ಪಿನ್‌ಯಿನ್ನಿನ ಬಿ ಎಂದರೆ ನಮ್ಮ ಪ, ಪಿ ಎಂದರೆ ಉಸಿರು ಸೇರಿದ ಪ. ಡಿ–ಟಿ ಜೋಡಿ ತ–ಥಕ್ಕೆ ಹತ್ತಿರ, ಜಿ–ಕೆ ಜೋಡಿ ಕ–ಖ, ಜೆ–ಕ್ಯೂ ಜೋಡಿ ಚ–ಛ. ಅಂದರೆ ಅಲ್ಲಿರುವುದು ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸ. ಅದನ್ನು ತೋರಿಸಲು ಇಂಗ್ಲಿಷಿಗೆ ಬೇರೆ ಬೇರೆ ಅಕ್ಷರವಿಲ್ಲ, ನಮಗಿದೆ. ಎಸ್‌ಎಚ್ ಬಂದರೆ ನಾಲಿಗೆ ಮಡಿಸಿದ ಷ, ಎಕ್ಸ್ ಬಂದರೆ ಶ. ಮಾತಿನಲ್ಲಿ ನಾವು ಎರಡನ್ನೂ ಒಂದೇ ಮಾಡಿಬಿಟ್ಟಿದ್ದೇವೆ, ಇಲ್ಲಿ ಹಾಗೆ ಮಾಡಿದರೆ ನಡೆಯದು.

ಒಂದು ತೊಡಕು ಫ ಅಕ್ಷರದ್ದು. ಅದನ್ನು ಬರೆದರೆ ಎಲ್ಲರೂ ಎಫ್ ಎಂದೇ ಓದುತ್ತಾರೆ. ಹಾಗಾಗಿ ಉಸಿರಿನ ಪ ಬೇಕಾದಲ್ಲಿ ಪ್ಹ ಎಂದು ಬರೆದು, ಫವನ್ನು ಕುಂಗ್‌ಫುವಿನ ಫುಗೆ ಬಿಟ್ಟುಬಿಡಿ. ಪರೀಕ್ಷೆಗೆ ಒಳ್ಳೆಯ ಪದ ಪ್ಹೂಪು, ಒಂದು ಕಾಲಿನ ಮೇಲೆ ಪೂರ್ತಿ ಕುಳಿತು ಇನ್ನೊಂದನ್ನು ನೆಲಕ್ಕೆ ಚಾಚುವ ನಿಲುವು. ಬಾಯಿಯ ಮುಂದೆ ತೆಳು ಕಾಗದದ ಚೂರು ಹಿಡಿದು ಹೇಳಿ: ಮೊದಲ ಅಕ್ಷರಕ್ಕೆ ಕಾಗದ ಹಾರಬೇಕು, ಎರಡನೆಯದಕ್ಕೆ ಅಲುಗಲೇಬಾರದು.

ಇಷ್ಟಾದರೆ ಒಂದು ಹಳೆಯ ಗೊಂದಲ ತಾನಾಗಿ ಬಗೆಹರಿಯುತ್ತದೆ. ನಿಧಾನ ಚಲನೆಯ ಚೀನೀ ಸಮರಕಲೆ ಥಾಯ್‌ಚಿಯಲ್ಲಿರುವ ಚಿ ಬೇರೆ, ಉಸಿರು, ಪ್ರಾಣಶಕ್ತಿ ಎನ್ನುವ ಅರ್ಥದ ಛಿ ಬೇರೆ. ಮೊದಲನೆಯದು ತುತ್ತತುದಿ, ಪರಮಾವಧಿ ಎಂಬ ಅರ್ಥದ್ದು. ಎರಡನ್ನೂ ಒಂದೇ ಎಂದುಕೊಂಡು ‘ಚಿ ಎಂದರೆ ಪ್ರಾಣ, ಆದ್ದರಿಂದ ಥಾಯ್‌ಚಿ ಪ್ರಾಣಾಯಾಮ’ ಎಂದು ಹೇಳುವ ಪಾಂಪ್ಲೆಟ್ಟುಗಳನ್ನು ನಂಬಬೇಡಿ.

ನಿಲುವುಗಳಲ್ಲಿ ಐದು ಮೂಲ: ಮಾಪು, ಕುಂಗ್‌ಪು, ಪ್ಹೂಪು, ಶ್ಯೂಪು, ಶ್ಯೆಪು. ಕೊನೆಯ ಪು ಎಲ್ಲದರಲ್ಲೂ ಒಂದೇ, ಹೆಜ್ಜೆ ಎಂದರ್ಥ. ಹೆಚ್ಚು ಕೆಡುವುದು ಕುಂಗ್‌ಪು. ಇಲ್ಲಿನ ಕುಂಗ್ ಎಂದರೆ ಬಿಲ್ಲು. ಕುಂಗ್‌ಫುವಿನ ಕುಂಗ್ ಉಚ್ಚಾರದಲ್ಲಿ ಹೀಗೆಯೇ ಇದ್ದರೂ ಬರೆಯುವ ಅಕ್ಷರ ಬೇರೆ. ಮುಂದಿನ ಕಾಲು ಬಿಲ್ಲಿನಂತೆ ಬಾಗುತ್ತದೆ, ಹಿಂದಿನದು ಬಾಣದಂತೆ ನೇರ. ಇದಕ್ಕೆ ಬಿಲ್ಲು-ಬಾಣದ ಹೆಜ್ಜೆ ಎಂಬ ಹೆಸರೂ ಉಂಟು. ಎರಡು ಪಾದಗಳ ನಡುವೆ ನಿಮ್ಮದೇ ಪಾದದ ಅಳತೆಯಲ್ಲಿ ನಾಲ್ಕರಿಂದ ಐದರಷ್ಟು ಅಂತರ ಬೇಕು. ಹಿಂದಿನ ಪಾದದ ಬೆರಳುಗಳು ಸುಮಾರು 45 ಡಿಗ್ರಿ ಮುಂದಕ್ಕೆ ತಿರುಗಿರಬೇಕು. ಮಕ್ಕಳು ಅದನ್ನು ಪೂರ್ತಿ ಪಕ್ಕಕ್ಕೆ ಬಿಡುತ್ತಾರೆ. ಆಗ ಸೊಂಟ ಮುಂದಕ್ಕೆ ತಿರುಗದು, ಹಿಮ್ಮಡಿ ಏಳುತ್ತದೆ. ಮುಂದಿನ ಮಂಡಿ ಬೆರಳಿನ ತುದಿ ದಾಟಿದರೆ ಭಾರವೆಲ್ಲ ಮಂಡಿಚಿಪ್ಪಿನ ಮೇಲೆ, ನೋವು ಖಚಿತ.

ಮಾಪುವಿನಲ್ಲಿ ಅಂತರ ಮೂರು ಪಾದದಷ್ಟು, ಬೆರಳುಗಳು ಮುಂದಕ್ಕೆ, ತೊಡೆ ನೆಲಕ್ಕೆ ಸಮಾನಾಂತರ. ಶ್ಯೂಪುವಿನಲ್ಲಿ ಭಾರ ಬಹುಪಾಲು ಹಿಂದಿನ ಕಾಲಿನದೇ, ಮುಂದಿನ ಪಾದ ನೆಲಕ್ಕೆ ತಾಗಿದರಷ್ಟೇ ಸಾಕು.

ಇನ್ನು ಸ್ವರದ ಏರಿಳಿತ. ಮ್ಯಾಂಡರಿನ್ನಿನಲ್ಲಿ ನಾಲ್ಕು ಬಗೆ: ಸಮವಾಗಿ ಮೇಲೆ, ಏರುವುದು, ತಗ್ಗಿನಲ್ಲಿ ಇಳಿದು ನಿಲ್ಲುವುದು, ಜೋರಾಗಿ ಇಳಿಯುವುದು. ಇದೇ ಕ್ರಮದಲ್ಲಿ ಪದದ ಪಕ್ಕ 1ರಿಂದ 4ರ ಅಂಕಿ ಹಾಕಿಬಿಡಿ. ತಾವ್1 ಎಂದರೆ ಕತ್ತಿ, ತಾವ್4 ಎಂದರೆ ದಾರಿ, ಧರ್ಮಮಾರ್ಗ. ಮಾ3 ಕುದುರೆ, ಮಾ1 ಅಮ್ಮ. ಅಂಕಿಯಿಲ್ಲದ ನೋಟ್‌ಬುಕ್ಕು ಒಂದು ವಾರದ ಮೇಲೆ ಉಪಯೋಗಕ್ಕೆ ಬಾರದು.

ಕತ್ತಿಯ ಮಾತಿಗೆ ಬಂದರೆ, ತಾವ್1 ಒಂದೇ ಬಾಯಿಯದು, ಚಿಯೆನ್4 ಎರಡು ಬಾಯಿಯದು. ಕೊಡವರ ಒಡಿಕತ್ತಿ ನೋಡಿ ಬೆಳೆದವರು ಇಲ್ಲಿ ಎಚ್ಚರವಾಗಿರಬೇಕು: ಒಡಿಕತ್ತಿಗೆ ಹರಿತ ಬಾಗಿದ ಒಳಭಾಗದಲ್ಲಿ, ತಾವ್‌ಗೆ ಹೊರಭಾಗದಲ್ಲಿ. ಛಾನ್‌ಥೋ ಎಂಬ ವರಸೆಯಲ್ಲಿ ತಾವ್ ತಲೆಯನ್ನು ಸುತ್ತಿ ಬೆನ್ನಿನ ಹಿಂದಿನಿಂದ ಬರುತ್ತದೆ. ಮೈಗೆ ಹತ್ತಿರ ಇರುವುದು ಮೊಂಡಾದ ಬೆನ್ನು, ಆದ್ದರಿಂದಲೇ ಅದು ಸಾಧ್ಯ. ಚಿಯೆನ್ ಹಿಡಿದು ಅದನ್ನೇ ಮಾಡಿದರೆ ಕುತ್ತಿಗೆಗೇ ಸಂಚಕಾರ.

ಸ್ವರಗಳಲ್ಲಿ ಕೊಡವ ತಕ್ಕ್ ಆಡುವವರಿಗೆ ಒಂದು ಅನುಕೂಲ. 1956ರಲ್ಲಿ ರೂಪಿಸಿದ 24 ಭಂಗಿಗಳ ಥಾಯ್‌ಚಿಯಲ್ಲಿ ಮೂರನೆಯದು ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವ ಭಂಗಿ. ಕೊಕ್ಕರೆಗೆ ಅಲ್ಲಿ ಇರುವ ಪದದ ಸ್ವರ ಎ ಅಲ್ಲ, ಒ ಅಲ್ಲ, ತುಟಿ ಗುಂಡಗಾಗದೆ ಗಂಟಲ ಹತ್ತಿರದಿಂದ ಬರುವಂಥದ್ದು. ಕನ್ನಡದಲ್ಲಿ ಇಲ್ಲದ ಇಂಥ ತುಟಿ ದುಂಡಾಗದ ಸ್ವರಗಳು ಕೊಡವ ತಕ್ಕಿನಲ್ಲಿ ಇರುವುದರಿಂದ ನಾಲಿಗೆ ಬೇಗ ಒಗ್ಗುತ್ತದೆ.

ಅನುಮಾನ ಬಂದರೆ ಬೈಲುಕುಪ್ಪೆಯ ಟಿಬೆಟಿಯನ್ನರನ್ನು ಕೇಳೋಣ ಎನ್ನುವವರೂ ಇದ್ದಾರೆ. ಟಿಬೆಟನ್ ಬೇರೆಯೇ ಭಾಷೆ, ಅದರ ಲಿಪಿಯ ಮೂಲ ನಮ್ಮ ಲಿಪಿಯ ಹಾಗೆ ಭಾರತದ್ದೇ. ಹಾಗೆಯೇ ಹಾಂಕಾಂಗ್ ಸಿನಿಮಾ ನೋಡಿ ಸರಿಮಾಡಿಕೊಳ್ಳಲೂ ಹೋಗಬೇಡಿ. ಅಲ್ಲಿ ಹೆಚ್ಚಾಗಿ ಕೇಳುವುದು ಕ್ಯಾಂಟನೀಸ್ ಎಂಬ ಇನ್ನೊಂದು ಚೀನೀ ಭಾಷೆ. ಗುರುವಿಗೆ ಅಲ್ಲಿ ಸಿಫು, ಮ್ಯಾಂಡರಿನ್ನಿನಲ್ಲಿ ಷರ್‌ಫುಗೆ ಹತ್ತಿರ. ಯಾವುದಾದರೂ ಸರಿ, ಒಂದು ಕ್ಲಾಸಿನಲ್ಲಿ ಒಂದನ್ನೇ ಬಳಸಿ. ದೋಜೊ, ಕಾತಾ, ಸೆನ್‌ಸೇ ಮೂರೂ ಜಪಾನಿನವು. ಕರಾಟೆ ಬೋರ್ಡಿನ ಕೆಳಗೇ ಕುಂಗ್‌ಫು ಕಲಿಸುವಾಗ ಇವು ನುಸುಳಿಕೊಳ್ಳುತ್ತವೆ. ಚಲನೆಗಳ ನಿಗದಿತ ಸರಣಿಗೆ ಕಾತಾ ಬದಲು ಥಾವ್‌ಲು ಎನ್ನಿ.

ಎಣಿಕೆಗೆ ಎಂಟರವರೆಗೆ ಬಂದರೆ ಸಾಕು: ಯೀ1, ಅರ್4, ಸಾನ್1, ಸ್ಸ್4, ವೂ3, ಲ್ಯೋ4, ಛೀ1, ಪಾ1.