ಜೂನ್ 20ಕ್ಕೆ ಕಡಲಲ್ಲಿ ಯಾರಿದ್ದಾರೆ?

ಹೋದ ತಿಂಗಳು ಮಿಡ್-ಟರ್ಮ್‌ನವರಿಗೆ, ಅಂದರೆ ಯೋಜನೆಯ ನಡುವೆ ಪರಿಶೀಲನೆಗೆ ಬರುವವರಿಗೆ, ಕಳಿಸಲು ಪ್ರಗತಿ ಗುರುತು ಹಾಕುವ ಹಳೇ ಎಕ್ಸೆಲ್ ಟ್ರ್ಯಾಕರ್ ತೆಗೆದೆ. ಮುಚ್ಚಿದ ಕಾಮೆಂಟುಗಳ ಪಟ್ಟಿಯಲ್ಲಿ ಒಂದು ಕಣ್ಣಿಗೆ ಬಿತ್ತು. ಸೆಲ್ ಜೆ47. ನಮ್ಮ ಟೀಮಿಗೆ ಆಗಷ್ಟೇ ಸೇರಿದ್ದ ಹುಡುಗಿ ಬರೆದದ್ದು, ಒಂದೇ ಪದ: ‘ಓವರ್‌ಲ್ಯಾಪ್?’ ಅದರ ಕೆಳಗೆ ನನ್ನ ಹೆಸರು, ‘ರಿಸಾಲ್ವ್ಡ್’. ಉತ್ತರ ಬರೆದಿರಲಿಲ್ಲ. ಸುಮ್ನೆ ಟಿಕ್ ಒತ್ತಿ ಮುಂದೆ ಹೋಗಿದ್ದೆ.

ನಾನು ಬಂಗಾಳ ಕೊಲ್ಲಿಯ ಒಂದು ಪ್ರಾದೇಶಿಕ ಯೋಜನೆಗೆ ಎಂ ಅಂಡ್ ಇ ಮಾಡುತ್ತೇನೆ, ಅಂದರೆ ಕೆಲಸ ಎಷ್ಟಾಯಿತು ಅಂತ ಅಳೆಯುವುದು. ಊರು ಗಂಗೊಳ್ಳಿ. ಮನೆಯಲ್ಲಿ ಎಲ್ಲರಿಗೂ ನನ್ನದು ‘ಮೀನಿನ ಆಫೀಸು’. ಅಲ್ಲಿ ಮೀನು ಕಾಣುವುದು ಪಿಪಿಟಿಯ ಮೂಲೆಯಲ್ಲಿ ಮಾತ್ರ, ಉಳಿದದ್ದೆಲ್ಲ ಎಕ್ಸೆಲ್. ಬಾಂಗ್ಲಾದೇಶ, ಭಾರತ, ಇಂಡೋನೇಷ್ಯಾ, ಮಲೇಷ್ಯಾ, ಮಾಲ್ಡೀವ್ಸ್, ಮ್ಯಾನ್ಮಾರ್, ಶ್ರೀಲಂಕಾ, ಥಾಯ್ಲೆಂಡ್. ಎಂಟು ದೇಶ, ಒಂದೇ ನೀರು. ‘ಮೀನಿಗೆ ಗಡಿ ಗೊತ್ತಿಲ್ಲ’ ಎಂಬ ಸಾಲು ಪ್ರತಿ ವರ್ಕ್‌ಶಾಪಿನ ಮೊದಲ ಸ್ಲೈಡಿನಲ್ಲಿ ಇರುತ್ತದೆ. ನಾನೇ ಹತ್ತು ಸಲ ಹಾಕಿದ್ದೇನೆ.

ಈ ಕೊಲ್ಲಿಯ ಮೇಲೆ ಮೊದಲ ದೊಡ್ಡ ಸುತ್ತು ನಡೆದದ್ದು 2009ರಿಂದ 2015ರವರೆಗೆ. ಗಡಿ ದಾಟಿದ ಸಮಸ್ಯೆಗಳನ್ನು ಪಟ್ಟಿ ಮಾಡುವ ಟಿಡಿಎ ವರದಿ ಬಂತು, ಅದಕ್ಕೆ ಏನು ಮಾಡಬೇಕು ಅನ್ನುವ ಸ್ಯಾಪ್ ಎಂಬ ಕಾರ್ಯಯೋಜನೆ ಬಂತು. ಹಿಲ್ಸಾ, ಬಂಗುಡೆ, ಶಾರ್ಕ್, ಈ ಮೂರನ್ನು ಹಂಚಿಕೊಂಡ ಮೀನು ಅಂತ ಹಿಡಿದು ಕೆಲಸ ಮಾಡಿದರು. ಬಂಗುಡೆ ಹೆಸರು ಓದಿದಾಗ ನನಗೆ ನೆಂಟರ ಮನೆ ಸಿಕ್ಕ ಹಾಗಾಗಿತ್ತು. ಅದಾದ ಮೇಲೆ ಬಂದ ನಮ್ಮಂಥವರ ಪಾಲಿಗೆ ಉಳಿದದ್ದು ಒಂದೇ ಪ್ರಶ್ನೆ. ಒಪ್ಪಿಕೊಂಡದ್ದರಲ್ಲಿ ಎಷ್ಟು ಆಯಿತು?

ಅಳೆಯಲು ಮೂರು ಥರದ ಇಂಡಿಕೇಟರ್ ಇಡುತ್ತಾರೆ. ಪ್ರೋಸೆಸ್, ಸ್ಟ್ರೆಸ್ ರಿಡಕ್ಷನ್, ಸ್ಟೇಟಸ್. ಸಮಿತಿ ಆಯಿತಾ, ಪ್ಲಾನಿಗೆ ಸಹಿ ಬಿತ್ತಾ, ಅದು ಮೊದಲನೆಯದು. ಕಡಲ ಮೇಲಿನ ಒತ್ತಡ ಇಳಿಯಿತಾ, ಎರಡನೆಯದು. ಕಡಲು ಸುಧಾರಿಸಿತಾ, ಮೂರನೆಯದು. ಮೊದಲನೆಯದಕ್ಕೆ ಒಂದು ಪಿಡಿಎಫ್ ಸಾಕು. ಮೂರನೆಯದಕ್ಕೆ ವರ್ಷಗಟ್ಟಲೆ ಸರ್ವೆ ಬೇಕು, ಹಡಗು ಬೇಕು, ಅಷ್ಟರಲ್ಲಿ ಪ್ರಾಜೆಕ್ಟೇ ಮುಗಿದಿರುತ್ತದೆ. ಹಾಗಾಗಿ ಎಲ್ಲರ ಟ್ರ್ಯಾಕರಿನಲ್ಲೂ ಮೇಲಿನ ಸಾಲುಗಳು ಹಸಿರು, ಕೆಳಗೆ ಹೋದ ಹಾಗೆ ಬೂದು. ಬೂದು ಅಂದರೆ ‘ಡೇಟಾ ಇಲ್ಲ’. ಬೂದು ಜಾಸ್ತಿಯಾದರೆ ಮೇಲಿನವರಿಂದ ಫೋನ್ ಬರುತ್ತದೆ. ಕೆಂಪಾದರೂ ಬರುತ್ತದೆ. ಹಸಿರಿದ್ದರೆ ಯಾರೂ ಫೋನ್ ಮಾಡುವುದಿಲ್ಲ.

ನಮ್ಮ ಲಾಗ್‌ಫ್ರೇಮಿನಲ್ಲಿ (ಗುರಿ, ಅಳತೆಗಳ ಪಟ್ಟಿ) ಮೀನುಗಾರಿಕೆ ನಿಷೇಧದ ಸಾಲೊಂದಿತ್ತು. ಸ್ಟ್ರೆಸ್ ರಿಡಕ್ಷನ್ ಕೆಳಗೆ, ನನ್ನ ಹೆಮ್ಮೆಯ ಸಾಲು. ಯಾಕೆಂದರೆ ಅದಕ್ಕೆ ಅಂಕಿ ಇತ್ತು, ಸರ್ಕಾರಿ ಆದೇಶ ಇತ್ತು. ಗುರಿ: ವರ್ಷಕ್ಕೆ 60 ದಿನ ಅಥವಾ ಹೆಚ್ಚು. ಭಾರತದ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14, ಅಂದರೆ 61 ದಿನ. ಬಾಂಗ್ಲಾದೇಶದಲ್ಲಿ ಮೇ 20ರಿಂದ ಜುಲೈ 23, 65 ದಿನ. ಅಲ್ಲಿ 2015ರಲ್ಲಿ ದೊಡ್ಡ ಟ್ರಾಲರ್‌ಗಳಿಗೆ ಶುರುವಾಗಿ, 2019ರಿಂದ ಚಿಕ್ಕ ದೋಣಿಗಳಿಗೂ ಬಂದಿತ್ತು. 61 ಹಸಿರು. 65 ಹಸಿರು. ಡಾರ್ಕ್ ಗ್ರೀನ್ ಹಾಕಿದ್ದೆ.

ಈ ದಿನಾಂಕಗಳನ್ನು ನೀವು ಈಗಲೇ ಓದಿ ಹುಬ್ಬೇರಿಸಿರಬಹುದು. ನಾನು ಏರಿಸಲಿಲ್ಲ. ನನ್ನ ಶೀಟಿನಲ್ಲಿ ದಿನಾಂಕಗಳು ಇರಲೇ ಇಲ್ಲ. ಎಂಒವಿ (ಪುರಾವೆ) ಕಾಲಂನಲ್ಲಿ ಆದೇಶದ ಲಿಂಕ್, ವ್ಯಾಲ್ಯೂ ಕಾಲಂನಲ್ಲಿ ದಿನಗಳ ಲೆಕ್ಕ. ಅಷ್ಟೇ.

ಕೊಲಂಬೋದ ಒಂದು ಹೋಟೆಲಿನಲ್ಲಿ ರಿವ್ಯೂ ಮೀಟಿಂಗ್. ಊಟ ಆದ ಮೇಲಿನ ಸೆಷನ್, ಅರ್ಧ ಜನ ಫೋನಿನಲ್ಲಿದ್ದರು. ನಾನು ಆರಾಮಾಗಿದ್ದೆ. ಸ್ಲೈಡ್ 14ಕ್ಕೆ ಬಂದಾಗ ಹಿಂದಿನ ಸಾಲಿನಿಂದ ಒಂದು ಕೈ ಮೇಲೆ ಬಂತು. ಬಾಂಗ್ಲಾದೇಶದ ಚಟ್ಟೋಗ್ರಾಮದ ಕಡೆಯ ದೋಣಿ ಮಾಲೀಕರು, ವಯಸ್ಸಾದವರು, ವೀಕ್ಷಕರ ಕುರ್ಚಿಯಲ್ಲಿ ಕೂತಿದ್ದರು. ಬಂಗಾಳಿಯಲ್ಲಿ ಕೇಳಿದರು. ನನಗೆ ‘ಜೂನ್’ ಮಾತ್ರ ಅರ್ಥವಾಯಿತು. ಹೆಡ್‌ಫೋನಿನಲ್ಲಿ ಅನುವಾದ ಬರಲು ನಾಲ್ಕು ಸೆಕೆಂಡ್ ಹಿಡಿಯಿತು. ಅಷ್ಟರೊಳಗೆ ಅವರ ದೇಶದ ಅಧಿಕಾರಿಗಳು ತಲೆ ತಗ್ಗಿಸಿ ನಗು ತಡೆಯುತ್ತಿದ್ದದ್ದು ಕಂಡಿತು.

“ಜೂನ್ 20ಕ್ಕೆ ಕಡಲಲ್ಲಿ ಯಾರಿದ್ದಾರೆ?”

ಇಷ್ಟೇ ಪ್ರಶ್ನೆ. ನನಗೆ ಅದು ಕವಿತೆಯ ಥರ ಕೇಳಿಸಿತು. ನಿಜವಾಗಿಯೂ ಅರ್ಥವಾಗಲಿಲ್ಲ. “ಎರಡೂ ದೇಶಗಳಲ್ಲಿ ನಿಷೇಧ ಜಾರಿಯಲ್ಲಿದೆ, ದಿನಗಳು ಗುರಿಗಿಂತ ಹೆಚ್ಚಿವೆ” ಅಂದೆ. ಅವರು ಮತ್ತೆ ಅದನ್ನೇ ಕೇಳಿದರು, ಈ ಸಲ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ. ಆಗ ನಾನು ಹೇಳಿದ ಮಾತು ಇವತ್ತಿಗೂ ಸ್ನಾನ ಮಾಡುವಾಗ ನೆನಪಾಗಿ ಮೈ ಮುದುಡುತ್ತದೆ: “ಸರ್, ಇಂಡಿಕೇಟರಿನ ಡೆಫಿನಿಷನ್ ಪ್ರಕಾರ ಇದು ಸರಿಯಾಗಿದೆ.”

ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟೇನೂ ಇರಲಿಲ್ಲ. ಇನ್ನು ಕೇಳಿ ಪ್ರಯೋಜನವಿಲ್ಲ ಅನ್ನುವ ಹಾಗೆ. ನಂತರ ಕೈಯಲ್ಲೇ ತೋರಿಸಿದರು. ಒಂದು ಅಂಗೈ ಮಡಚಿ, ‘ನಮ್ಮ ದೋಣಿ ದಡದಲ್ಲಿ’. ಇನ್ನೊಂದು ಅಂಗೈ ಮೇಜಿನ ಮೇಲೆ ಮುಂದಕ್ಕೆ ಜಾರಿಸಿ, ‘ನಿಮ್ಮದು ನೀರಿನಲ್ಲಿ’.

ಆಗ ಹೊಳೆಯಿತು. ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆರೆದು ಅಲ್ಲೇ ಲೆಕ್ಕ ಹಾಕೋಣ ಅಂತ ಹೊರಟೆ. ಪ್ರೊಜೆಕ್ಟರ್‌ಗೆ ಸಿಕ್ಕಿಸಿದ್ದ ಲ್ಯಾಪ್‌ಟಾಪ್ ಅದು. 14/06 ಹೊಡೆದೆ. ಎಕ್ಸೆಲಿಗೆ ಹದಿನಾಲ್ಕನೇ ತಿಂಗಳು ಗೊತ್ತಿಲ್ಲ, ಎಡಕ್ಕೆ ಸರಿದು ಪಠ್ಯವಾಗಿ ಕೂತಿತು. ಕಳೆಯಲು ಹೋದರೆ ‘ವ್ಯಾಲ್ಯೂ’ ಎರರ್. ಅಮೆರಿಕನ್ ಸೆಟ್ಟಿಂಗಿನ ಆ ಲ್ಯಾಪ್‌ಟಾಪ್ ಕೊಟ್ಟವರ ಬಗ್ಗೆ ಏನು ಹೇಳಲಿ. ನಲವತ್ತು ಜನ ಎರರ್ ನೋಡುತ್ತಿದ್ದರು. ಬಾಸ್‌ನ ವಾಟ್ಸಾಪ್ ಮೆಸೇಜ್ ಸ್ಕ್ರೀನಿನ ಮೂಲೆಯಲ್ಲಿ ಎಲ್ಲರಿಗೂ ಕಾಣುವಂತೆ ಮೇಲೆದ್ದಿತು: ‘ಟೇಕ್ ಇಟ್ ಆಫ್‌ಲೈನ್’.

ಕೊನೆಗೆ ಅಜ್ಜಿ ಕಲಿಸಿದ ಹಾಗೆ ಮುಷ್ಟಿಯ ಗೆಣ್ಣಿನ ಮೇಲೆ ಎಣಿಸಿದೆ. ಮೇ 31, ಜೂನ್ 30. ಮೇ 20ರಿಂದ ಜೂನ್ 14. ಮೈಕಿನಲ್ಲಿ ಹೇಳಿದೆ: “26 ದಿನ.” 61 ಮತ್ತು 65ರ ನಡುವೆ ಎರಡೂ ಕಡೆ ಒಟ್ಟಿಗೆ ಬಲೆ ಮೇಲಿದ್ದದ್ದು 26 ದಿನ ಮಾತ್ರ. ಅದಾದ ಮೇಲೆ ಜೂನ್ 15ರಿಂದ ಜುಲೈ 23ರವರೆಗೆ 39 ದಿನ, ಬಾಂಗ್ಲಾದೇಶದವರು ದಡದಲ್ಲಿ ಕೂತು ಭಾರತದ ಬೋಟುಗಳ ಬಗ್ಗೆ ಮಾತಾಡುತ್ತಿದ್ದರು. ಬೋಟುಗಳು ತಮ್ಮ ನೀರಿಗೇ ಬರುತ್ತವೆ ಅನ್ನುವುದು ಅವರ ದೂರು. ಅದು ಹಾಗಿರಲಿ, ಆ ಕಡೆ ಬಿಟ್ಟ ಮೀನು ಈ ಕಡೆ ಬಲೆಗೆ ಬೀಳಲು ಯಾರೂ ಗಡಿ ದಾಟಬೇಕಾಗಿಯೇ ಇಲ್ಲ. ಮೊದಲ ಸ್ಲೈಡಿನಲ್ಲಿ ನಾನೇ ಬರೆದಿದ್ದೆ, ಮೀನಿಗೆ ಗಡಿ ಗೊತ್ತಿಲ್ಲ ಅಂತ.

ಯಾರೋ ಕೇಳಿದರು, “ಹಾಗಾದರೆ ಈಗ ಯಾವ ಬಣ್ಣ?” ನಾನು ಸ್ಲೈಡ್ 15 ಒತ್ತಿದೆ.

ಹೆಚ್ಚು ನೋವಾದದ್ದು ಅದಕ್ಕಲ್ಲ. ನನಗೆ ಈ ವಿಷಯ ಗೊತ್ತಿರಬೇಕಿತ್ತು. ನಮ್ಮ ಕರ್ನಾಟಕದ ಕರಾವಳಿಯಲ್ಲಿ ನಿಷೇಧ ಜೂನ್ 1ರಿಂದ ಜುಲೈ 31, 61 ದಿನ. ಕೇರಳ ಸರ್ಕಾರದ ಟ್ರಾಲಿಂಗ್ ನಿಷೇಧ 52 ದಿನ. ಶುರುವಾಗುವುದು ಒಂಬತ್ತು ದಿನ ತಡವಾಗಿ. ಪ್ರತಿ ಜೂನ್ ಮೊದಲ ವಾರ ಮಾವ ಫೋನ್ ಮಾಡಿ ಅದನ್ನೇ ಗೊಣಗುತ್ತಾರೆ: “ನಮ್ದು ದಡಕ್ಕೆ ಬಿದ್ದಿತ್ ಮಾರಾಯ, ಅವ್ರದ್ದು ಇನ್ನೂ ನೀರಂಗೆ ಇತ್ತ್.” ನಾನು ಹೂಂಗುಟ್ಟುತ್ತೇನೆ. ಅದೇ ಗೊಣಗಾಟ ಬಂಗಾಳಿಯಲ್ಲಿ ಬಂದಾಗ ಗುರುತು ಸಿಗಲಿಲ್ಲ. ಸ್ಪ್ರೆಡ್‌ಶೀಟಿನಲ್ಲಿ ಮಾವನಿಗೆ ಕಾಲಂ ಇರಲಿಲ್ಲ.

ಊರಿಗೆ ಬಂದ ಮೇಲೆ ಒಂದು ಪುಟದ ಚಾರ್ಟ್ ಮಾಡಿದೆ. ಹನ್ನೆರಡು ತಿಂಗಳ ಪಟ್ಟಿ, ದೇಶಕ್ಕೊಂದು ಗೆರೆ. ಎರಡು ಗೆರೆ ಒಂದರ ಕೆಳಗೊಂದು ಇಟ್ಟರೆ ಸಣ್ಣ ಹುಡುಗರಿಗೂ ಕಾಣುತ್ತದೆ. ಇಂಡಿಕೇಟರ್ ಬದಲಿಸಿ, ‘ಒಟ್ಟಿಗೆ ಮುಚ್ಚಿದ ದಿನಗಳು’ ಅಂತ ಮಾಡೋಣ ಎಂದು ಬರೆದೆ. ಉತ್ತರ ಬಂತು: ಒಳ್ಳೆಯ ಸಲಹೆ, ಆದರೆ ಬೇಸ್‌ಲೈನ್ (ಹೋಲಿಕೆಯ ಮೂಲ ಅಂಕಿ) ಫ್ರೀಜ್ ಆಗಿದೆ. ಬದಲಾವಣೆ ಬೇಕಾದರೆ ಯೋಜನೆಯ ಮೇಲ್ವಿಚಾರಣಾ ಸಮಿತಿ, ಅಂದರೆ ಪಿಎಸ್‌ಸಿ ಮುಂದೆ ಹೋಗಬೇಕು. ಪಿಎಸ್‌ಸಿ ಸೇರುವುದು ವರ್ಷಕ್ಕೊಮ್ಮೆ. ಅಜೆಂಡಾದಲ್ಲಿ ಜಾಗವಿಲ್ಲ. ಸದ್ಯಕ್ಕೆ ‘ರಿಮಾರ್ಕ್ಸ್’ನಲ್ಲಿ ಬರೆಯಿರಿ.

ಆಮೇಲೆ 2025 ಬಂತು. ಬಾಂಗ್ಲಾದೇಶ ದಿನಾಂಕ ಬದಲಿಸಿತು. ಹೊಸ ನಿಷೇಧ ಏಪ್ರಿಲ್ 15ರಿಂದ ಜೂನ್ 11. ಭಾರತದ ಜೊತೆ ಹೊಂದಲಿ ಅಂತಲೇ ಮಾಡಿದ್ದು. ಒಟ್ಟಿಗೆ ಮುಚ್ಚುವ ದಿನ 26ರಿಂದ 58ಕ್ಕೆ ಏರಿತು. ನಾನು ಆಫೀಸಿನಲ್ಲಿ ಎದ್ದು ನಿಂತು ಟೀ ತರಿಸಿದೆ.

ಟೀ ಕುಡಿದು ಟ್ರ್ಯಾಕರಿನಲ್ಲಿ ಅಂಕಿ ತುಂಬಿದೆ. ಬಾಂಗ್ಲಾದೇಶ: ಹಿಂದಿನ ವರ್ಷ 65, ಈ ವರ್ಷ 58. ಬಾಣ ಕೆಳಗೆ ತಿರುಗಿತು. ಗುರಿ 60, ಆದ್ದರಿಂದ ಸೆಲ್ ತಾನೇ ತಾನಾಗಿ ಹಳದಿಯಾಯಿತು. ಪಕ್ಕದಲ್ಲಿ ಒಂದು ಪದ ಮೂಡಿತು: ‘ಹಿನ್ನಡೆ’.

ಇಷ್ಟು ವರ್ಷಗಳಲ್ಲಿ ನನ್ನ ಶೀಟಿನಲ್ಲಿ ಆದ ಒಂದೇ ನಿಜವಾದ ಪ್ರಗತಿ, ಮಾರಾಯ್ರೆ, ಅದನ್ನು ಆ ಶೀಟು ಹಿನ್ನಡೆ ಅಂತ ಕರೆಯಿತು. ಫಾರ್ಮುಲಾ ಲಾಕ್. ಪಾಸ್‌ವರ್ಡ್ ಹೆಡ್‌ಆಫೀಸಿನಲ್ಲಿ. ರಿಮಾರ್ಕ್ಸ್‌ಗೆ ಕೆಲವೇ ಅಕ್ಷರಗಳ ಜಾಗ. ‘ದಿನ ಕಡಿಮೆಯಾದರೂ ಹೊಂದಾಣಿಕೆ ಜಾಸ್ತಿಯಾಗಿದೆ, ಏಕೆಂದರೆ’ ಎನ್ನುವಷ್ಟರಲ್ಲಿ ಅರ್ಧ ಮುಗಿದಿತ್ತು.

ಇನ್ನೊಂದು ಕಾಲಂ ಇದೆ, ‘ಯೋಜನೆಯ ಕೊಡುಗೆ’. ಮ್ಯಾನೇಜರ್‌ಗೆ ಅಲ್ಲಿ ‘ಹೆಚ್ಚು’ ಅಂತ ಹಾಕುವ ಆಸೆ. ನಾನು ‘ಸಣ್ಣ’ ಅಂತ ಹಾಕಿದೆ, ಅದೂ ಸಂಕೋಚದಿಂದ. ಆ ದಿನಾಂಕ ಬದಲಿಸಿ ಅಂತ ಅಲ್ಲಿನ ಮೀನುಗಾರರು ವರ್ಷಗಟ್ಟಲೆ ಕೂಗಿದ್ದರು. ಆ ಹಿರಿಯರು ನಮ್ಮ ಹೋಟೆಲಿಗೆ ಬರುವ ಮೊದಲೇ ಕೂಗಿದ್ದರು. ನಮ್ಮದು ಮಧ್ಯಾಹ್ನದ ಊಟ ಮತ್ತು ಒಂದು ಹೆಡ್‌ಫೋನ್. ಮೀನು ಜಾಸ್ತಿಯಾಯಿತಾ ಅನ್ನುವ ಸಾಲು ಇನ್ನೂ ಬೂದು ಬಣ್ಣದಲ್ಲೇ ಇದೆ. ಅದನ್ನು ಹಸಿರು ಮಾಡಿ ಅಂತ ಯಾರಾದರೂ ಹೇಳಿದರೆ ಈಗ ಮೊದಲು ದಿನಾಂಕ ಕೇಳುತ್ತೇನೆ.

ಜೆ47ರ ಕಾಮೆಂಟನ್ನು ಮತ್ತೆ ತೆರೆದು, ‘ಹೌದು, 26. ತಡವಾಯಿತು, ಸಾರಿ’ ಅಂತ ಬರೆದೆ. ಅವಳು ಆ ಕೆಲಸ ಬಿಟ್ಟು ಒಂದು ವರ್ಷವಾಯಿತು. ನೋಟಿಫಿಕೇಷನ್ ಮೇಲ್ ವಾಪಸ್ ಬಂತು.

ಮೊನ್ನೆ ಮಿಡ್-ಟರ್ಮ್ ಕನ್ಸಲ್ಟೆಂಟ್ ವಿಡಿಯೊ ಕಾಲ್ ಮಾಡಿದ್ದರು. ಬೇರೆ ಖಂಡದಲ್ಲಿ ಕೂತವರು, ಸಭ್ಯರು. ಶೀಟ್ ಶೇರ್ ಮಾಡಿ ನೇರ ಹಳದಿ ಸೆಲ್‌ಗೆ ಬಂದರು. “ಬಾಕಿ ಎಲ್ಲ ಚೆನ್ನಾಗಿದೆ. ಬಾಂಗ್ಲಾದೇಶ ಯಾಕೆ ಹಿಂದೆ ಬಿತ್ತು?” ಅಂದರು. ನಾನು ಕ್ಯಾಮೆರಾ ಆನ್ ಇದ್ದದ್ದು ಮರೆತು ಮುಷ್ಟಿ ಮಡಚಿ ಗೆಣ್ಣು ಎಣಿಸಲು ಶುರು ಮಾಡಿದೆ.