ಸದ್ದಿಲ್ಲದೆ ಬರುವ ಸೈಕಲ್, ಬೆಚ್ಚಿಬೀಳುವ ಪ್ರಾಣಿ

ಕಾಡಿನ ದಾರಿಯಲ್ಲಿ ಕಾರು ಬರುತ್ತಿದ್ದರೆ ಪ್ರಾಣಿಗಳಿಗೆ ಎಷ್ಟೋ ಮೊದಲೇ ಗೊತ್ತಾಗುತ್ತದೆ. ನಡೆದು ಬರುವವರ ಹೆಜ್ಜೆ ಸದ್ದು, ಮಾತು, ಮೈವಾಸನೆ ಎಲ್ಲಾ ನಿಧಾನವಾಗಿ ಹತ್ತಿರ ಬರುತ್ತವೆ, ಹಾಗಾಗಿ ಪೊದೆಯೊಳಗೆ ಸರಿದುಕೊಳ್ಳಲು ಬೇಕಾದಷ್ಟು ಪುರುಸೊತ್ತು ಸಿಗುತ್ತದೆ. ಸೈಕಲ್ ಹಾಗಲ್ಲ. ವೇಗ ಗಾಡಿಯದು, ಸದ್ದು ನಡೆಯುವವರಿಗಿಂತಲೂ ಕಮ್ಮಿ. ಕಾಡುಪ್ರಾಣಿ ಎದುರಾದರೆ ಏನು ಮಾಡಬೇಕು ಅಂತ ಸೈಕಲ್ ತುಳಿಯುವ ಗೆಳೆಯರು ಆಗಾಗ ಕೇಳುತ್ತಿರುತ್ತಾರೆ. ನನ್ನ ಪ್ರಕಾರ ಮೊದಲು ಯೋಚಿಸಬೇಕಾದದ್ದು ಇದನ್ನೇ. ನಮಗೆ ಪ್ರಾಣಿ ಎದುರಾಗುವುದಲ್ಲ, ಪ್ರಾಣಿಗೆ ನಾವು ಎದುರಾಗುತ್ತೇವೆ, ಅದೂ ಮುನ್ಸೂಚನೆ ಇಲ್ಲದೆ.

ಸೈಕಲ್ ಮೇಲಿಂದ ಅಷ್ಟೊಂದು ಪ್ರಾಣಿಗಳು ಕಾಣುವುದೂ ಇದೇ ಕಾರಣಕ್ಕೆ. ಕಾರಿನಲ್ಲಿ ಹೋದಾಗ ನನಗೆ ಕಂಡಿದ್ದು ಓಡಿ ಮರೆಯಾಗುತ್ತಿದ್ದ ಬಾಲಗಳು ಮಾತ್ರ. ಸೈಕಲ್‌ನಲ್ಲಿ ಹಾಗಲ್ಲ, ಮೇಯುತ್ತಿರುವ ಜಿಂಕೆ ತಲೆ ಎತ್ತಿ ಬಾಯಲ್ಲಿರುವ ಹುಲ್ಲನ್ನು ಅಗಿಯುವುದನ್ನೇ ಮರೆತು ನಿಂತಿರುವುದು ಕಾಣುತ್ತದೆ, ನರಿ ರಸ್ತೆ ಮಧ್ಯೆ ಕೂತು ಕಿವಿ ಕೆರೆದುಕೊಳ್ಳುವುದು ಕಾಣುತ್ತದೆ. ಈ ಖುಷಿಗೆ ಬೇರೆ ಯಾವುದೂ ಸಾಟಿಯಿಲ್ಲ, ಅದಕ್ಕೇ ನಾನು ಬೆಳಗಿನ ಸವಾರಿ ಬಿಡುವುದಿಲ್ಲ.

ಒಂದು ದಿನ ಏರು ದಾರಿಯಲ್ಲಿ ಸಣ್ಣ ಗೇರಿಗೆ ಹಾಕಿಕೊಂಡು ನಿಧಾನವಾಗಿ ತುಳಿಯುತ್ತಿದ್ದೆ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಎಡಗಡೆ ಚರಂಡಿಯಿಂದ ಒಂದು ಹೆಣ್ಣು ಕಾಡುಹಂದಿ ಮೂಗನ್ನು ನೆಲಕ್ಕೆ ಒತ್ತಿಕೊಂಡೇ ರಸ್ತೆಗೆ ಹತ್ತಿತು. ನಾನು ಬ್ರೇಕ್ ಹಿಡಿದೆ. ರಿಮ್ಮಿಗೆ ರಬ್ಬರ್ ಉಜ್ಜಿದ ಆ ಸಣ್ಣ ಸದ್ದಿಗೆ ಅದರ ತಲೆ ಮೇಲೆದ್ದಿತು. ಬೆನ್ನಿನ ಮೇಲಿನ ಗಡುಸು ಕೂದಲು ಸಾಲಾಗಿ ನಿಗುರಿತು. ಮೂಗಿನಿಂದ ಜೋರಾಗಿ ಒಮ್ಮೆ ಉಸಿರು ಬಿಟ್ಟಿತು. ಆಗಲೇ ಹಿಂದಿನಿಂದ ಮರಿಗಳು ಬಂದವು, ಅಳಿಲಿಗಿದ್ದ ಹಾಗೆ ಬೆನ್ನ ಮೇಲೆ ಉದ್ದುದ್ದ ಗೆರೆ. ಒಂದು ಮರಿಗೆ ಮಾತ್ರ ಚರಂಡಿಯ ಅಂಚು ಹತ್ತಲು ಆಗಲಿಲ್ಲ. ಹತ್ತುತ್ತದೆ, ಮಣ್ಣು ಕುಸಿಯುತ್ತದೆ, ಜಾರುತ್ತದೆ, ಕಿರಿಚುತ್ತದೆ. ತಾಯಿ ನನ್ನನ್ನು ನೋಡುತ್ತದೆ, ಮರಿ ಕಡೆ ನೋಡುತ್ತದೆ. ನಾನು ಕೆಳಗಿಳಿದು, ಸೈಕಲನ್ನು ಅಡ್ಡ ಹಿಡಿದು, ಮುಖ ಅದರ ಕಡೆಗೇ ಇಟ್ಟುಕೊಂಡು ಹಿಂದಕ್ಕೆ ಹೆಜ್ಜೆ ಇಡುತ್ತಾ ಹೋದೆ. ಸಾಕಷ್ಟು ದೂರ ಸರಿದ ಮೇಲೆ ತಾಯಿ ತಿರುಗಿ ಚರಂಡಿಯ ಬಳಿ ಹೋಗಿ ನಿಂತುಕೊಂಡಿತು. ಕೊನೆಗೂ ಮರಿ ಹತ್ತಿತು. ಎಲ್ಲಾ ಒಟ್ಟಿಗೆ ಬಲಗಡೆ ಪೊದೆಗೆ ನುಗ್ಗಿದವು. ಅವು ಹೋದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ, ಹಿಂದೆ ಉಳಿದ ಇನ್ನೊಂದು ಮರಿ ಇದ್ದರೆ ಅಂತ.

ಅದೇ ದಾರಿಯಲ್ಲಿ ನಾನು ಮೇಲಿನಿಂದ ಕೆಳಗೆ ಇಳಿಯುತ್ತಿದ್ದರೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

2016ರ ಜೂನ್‌ನಲ್ಲಿ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ಗ್ಲೇಸಿಯರ್ ನ್ಯಾಷನಲ್ ಪಾರ್ಕ್ ಪಕ್ಕದ ಕಾಡಿನಲ್ಲಿ, ಇಂಥದ್ದೇ ಒಂದು ಇಳಿಜಾರು ದಾರಿಯ ತಿರುವಿನಲ್ಲಿ ಗುಡ್ಡಗಾಡಿನ ಸೈಕಲ್ (ಮೌಂಟೇನ್ ಬೈಕ್) ತುಳಿಯುತ್ತಿದ್ದ ಸವಾರರೊಬ್ಬರು ಗ್ರಿಜ್ಲಿ ಕರಡಿಗೆ ನೇರವಾಗಿ ಡಿಕ್ಕಿ ಹೊಡೆದರು. ಕರಡಿ ಅವರನ್ನು ಕೊಂದಿತು. ಅವರು ಅರಣ್ಯ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದವರು, ಆ ದಾರಿ ಅವರಿಗೆ ಹೊಸದಲ್ಲ. ತನಿಖೆ ಮಾಡಿದವರ ಪ್ರಕಾರ ಸೈಕಲ್‌ನ ವೇಗ ಗಂಟೆಗೆ ಸುಮಾರು 32ರಿಂದ 40 ಕಿಲೋಮೀಟರ್ ಇತ್ತು. ಕರಡಿ ಕಂಡ ಮೇಲೆ ಅವರಿಗೆ ಸಿಕ್ಕಿದ್ದು ಒಂದೆರಡು ಸೆಕೆಂಡು ಮಾತ್ರ. ಕರಡಿ ಬೇಟೆಗೆ ಬಂದಿರಲಿಲ್ಲ, ತನ್ನ ಮೇಲೆ ಏನೋ ಬಂದು ಬಿದ್ದಾಗ ತನ್ನನ್ನು ಕಾಪಾಡಿಕೊಂಡಿತು ಅಷ್ಟೆ. ಇದರಲ್ಲಿ ಕರಡಿಯದು ತಪ್ಪು ಅಂತ ಹೇಗೆ ಹೇಳುವುದು?

ಲೆಕ್ಕ ಹಾಕಿ ನೋಡಿ. ಗಂಟೆಗೆ 30 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 8 ಮೀಟರಿಗೂ ಜಾಸ್ತಿ. ಕಣ್ಣಿಗೆ ಬಿದ್ದು, ತಲೆಗೆ ಹೋಗಿ, ಬೆರಳು ಬ್ರೇಕ್ ಹಿಡಿಯುವ ಹೊತ್ತಿಗೆ ಆ 8 ಮೀಟರ್ ಮುಗಿದೇ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆ ಬ್ರೇಕ್ ಇದ್ದರೂ ನಿಲ್ಲಲು ಇನ್ನೊಂದು 7 ಮೀಟರ್ ಬೇಕು. ಒಟ್ಟು 15. ತರಗೆಲೆ, ಜಲ್ಲಿ, ಒದ್ದೆ ಮಣ್ಣು ಇದ್ದರೆ ಇನ್ನೂ ಜಾಸ್ತಿ. ತಿರುವಿನಾಚೆ ನಮಗೆ ಕಾಣುವುದೇ 10 ಮೀಟರ್ ಆಗಿದ್ದರೆ ಆ ವೇಗದಲ್ಲಿ ಅಲ್ಲಿಗೆ ಹೋಗಲೇಬಾರದು. ಕಾಣುವಷ್ಟು ದೂರದಲ್ಲಿ ನಿಲ್ಲಿಸಲು ಆಗುವಷ್ಟೇ ವೇಗ ಇರಲಿ. ಇದೊಂದನ್ನು ಪಾಲಿಸಿದರೆ ಉಳಿದ ಎಷ್ಟೋ ಸಲಹೆಗಳ ಅಗತ್ಯವೇ ಬೀಳುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತಿರುವಿಗೆ ಮೊದಲು ಬಾಯಿ ಬಿಟ್ಟು ಕೂಗಿ. ಸಣ್ಣ ಬೆಲ್ ಅಷ್ಟು ದೂರ ಕೇಳುವುದಿಲ್ಲ, ಮನುಷ್ಯರ ದನಿ ಕೇಳುತ್ತದೆ, ಮತ್ತು ಬರುತ್ತಿರುವುದು ಮನುಷ್ಯರು ಅಂತಲೂ ಪ್ರಾಣಿಗೆ ತಿಳಿಯುತ್ತದೆ. ತೊರೆಯ ಪಕ್ಕದ ದಾರಿಯಲ್ಲಿ ನೀರಿನ ಸದ್ದು ನಮ್ಮ ಸದ್ದನ್ನು ನುಂಗಿಬಿಡುತ್ತದೆ, ಅಲ್ಲಿ ಇನ್ನೂ ಜೋರಾಗಿ ಕೂಗಬೇಕು. ಗಾಳಿಯ ಕಡೆಗೂ ಗಮನ ಇರಲಿ. ಎದುರುಗಾಳಿ ಇದ್ದರೆ ನಮ್ಮ ವಾಸನೆ ಹಿಂದಕ್ಕೆ ಹೋಗುತ್ತದೆ, ಸದ್ದೂ ಹಿಂದಕ್ಕೆ ಹೋಗುತ್ತದೆ, ಮುಂದಿರುವ ಪ್ರಾಣಿಗೆ ನಾವು ಬರುವುದು ಗೊತ್ತೇ ಆಗುವುದಿಲ್ಲ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಾಡುದಾರಿ ತುಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಪೊದೆಯೊಳಗೆ ಕಡ್ಡಿ ಮುರಿದ ಸದ್ದು, ಹಕ್ಕಿಗಳು ಒಮ್ಮೆಲೇ ಗಲಾಟೆ ಎಬ್ಬಿಸಿದ್ದು, ಇವೆಲ್ಲಾ ನಮಗೆ ಸಿಗುವ ಎಚ್ಚರಿಕೆಗಳು ಅಲ್ವಾ?

ಇನ್ನು ಪ್ರಾಣಿ ಕಂಡೇಬಿಟ್ಟಿತು ಅಂದುಕೊಳ್ಳಿ. ಜೋರಾಗಿ ತುಳಿದು ಪಾರಾಗೋಣ ಅಂತ ಅನ್ನಿಸುವುದು ಸಹಜ. ಕರಡಿ ಗಂಟೆಗೆ 50 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಓಡಬಲ್ಲದು. ಆನೆಯ ಓಟವನ್ನು ವಿಜ್ಞಾನಿಗಳು ಅಳೆದಾಗ ಗಂಟೆಗೆ 25 ಕಿಲೋಮೀಟರ್ ಬಂದಿದೆ, ನಾವು ಏರಿನಲ್ಲಿ ಅದರ ಅರ್ಧ ತುಳಿದರೆ ಹೆಚ್ಚು. ಉಷ್ಟ್ರಪಕ್ಷಿ 70ರ ಹತ್ತಿರ ಹೋಗುತ್ತದೆ. ಓಟದಲ್ಲಿ ಗೆಲ್ಲುವ ಮಾತು ಬಿಡಿ. ಅದಕ್ಕಿಂತ ಮುಖ್ಯವಾದದ್ದು, ಬೇಟೆಯಾಡುವ ಪ್ರಾಣಿಯ ಎದುರು ಬೆನ್ನು ತಿರುಗಿಸಿ ಓಡುವುದೇ ಅದನ್ನು ಅಟ್ಟಿಸಿಕೊಂಡು ಬಾ ಅಂತ ಕರೆದ ಹಾಗೆ.

2018ರ ಮೇ ತಿಂಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇಬ್ಬರು ಸವಾರರನ್ನು ಕೂಗರ್ ಒಂದು ಹಿಂಬಾಲಿಸಿತು. ಪ್ಯೂಮಾ ಅಂತಲೂ ಕರೆಯುವ ದೊಡ್ಡ ಬೆಕ್ಕು ಅದು. ಅವರು ಮೊದಲು ಇಳಿದು ನಿಂತರು, ಗದ್ದಲ ಮಾಡಿದರು, ಸೈಕಲ್‌ನಿಂದಲೇ ಹೊಡೆದರು, ಅದು ಓಡಿಹೋಯಿತು. ಮಾಡಬೇಕಾದ್ದನ್ನೆಲ್ಲಾ ಸರಿಯಾಗಿಯೇ ಮಾಡಿದ್ದರು. ಆದರೆ ಅದು ಮತ್ತೆ ಬಂದು ಒಬ್ಬರ ಮೇಲೆ ಎರಗಿತು, ಇನ್ನೊಬ್ಬರು ಓಡಲು ಹೋದಾಗ ಮೊದಲಿನವರನ್ನು ಬಿಟ್ಟು ಓಡುವವರ ಬೆನ್ನು ಹತ್ತಿತು. ಓಡಿದವರು ತೀರಿಕೊಂಡರು. ಅಂಥಾ ಹೊತ್ತಿನಲ್ಲಿ ಕಾಲು ತಾನಾಗಿ ಓಡುತ್ತದೆ, ಅದನ್ನು ತಪ್ಪು ಅನ್ನಲು ನಾನು ಯಾರು. ಅದೇ ರಾಜ್ಯದಲ್ಲಿ 2024ರ ಫೆಬ್ರವರಿಯಲ್ಲಿ ಐವರು ಮಹಿಳೆಯರು ಕಾಡಿನಲ್ಲಿ ಸೈಕಲ್ ತುಳಿಯುತ್ತಿದ್ದಾಗ ಕೂಗರ್ ಒಬ್ಬರ ಮೇಲೆರಗಿ ಮುಖ ಕಚ್ಚಿ ಹಿಡಿಯಿತು. ಉಳಿದವರು ಓಡಲಿಲ್ಲ. ಕಲ್ಲು, ಕಟ್ಟಿಗೆ ಸಿಕ್ಕಿದ್ದರಲ್ಲಿ ಹೊಡೆದು ಬಿಡಿಸಿದರು. ಆಮೇಲೆ ಸೈಕಲ್ ಕೆಳಗೆ ಅದನ್ನು ಅದುಮಿ ಹಿಡಿದು, ಅಧಿಕಾರಿಗಳು ಬರುವವರೆಗೂ ಬಿಡಲಿಲ್ಲ. ಗಾಯಗೊಂಡವರು ಬದುಕಿದರು. ಆ ಹೆಂಗಸರ ಧೈರ್ಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇಂಥಾ ದಾಳಿಗಳು ತೀರಾ ಅಪರೂಪ, ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಸೈಕಲ್ ಓಡಿಹೋಗಲು ಮಾತ್ರ ಅಲ್ಲ, ನಿಮ್ಮ ಮತ್ತು ಪ್ರಾಣಿಯ ನಡುವೆ ಅಡ್ಡ ಹಿಡಿಯಲೂ ಬರುತ್ತದೆ ಅನ್ನುವುದಕ್ಕೆ ಹೇಳಿದೆ. ಇಳಿಯಿರಿ, ಸೈಕಲನ್ನು ಮುಂದೆ ಅಡ್ಡ ಹಿಡಿಯಿರಿ, ಜೊತೆಗಿದ್ದವರೆಲ್ಲಾ ಒತ್ತಾಗಿ ನಿಲ್ಲಿ, ಬೆನ್ನು ತೋರಿಸದೆ ಹಿಂದೆ ಸರಿಯಿರಿ. ಕರಡಿ ಇರುವ ಕಾಡಾದರೆ ಕರಡಿಗೆಂದೇ ಸಿಗುವ ಪೆಪ್ಪರ್ ಸ್ಪ್ರೇಯನ್ನು ಕೈಗೆ ಸಿಗುವ ಕಡೆ ಇಟ್ಟುಕೊಳ್ಳಿ. ಬೆನ್ನ ಚೀಲದ ತಳದಲ್ಲಿದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ. ಆನೆ, ಕಾಡೆಮ್ಮೆ, ಕಾಡುಕೋಣದಂಥ ದೊಡ್ಡ ಸಸ್ಯಾಹಾರಿಗಳ ವಿಷಯ ಮಾತ್ರ ಬೇರೆ. ಅವುಗಳ ಎದುರು ಸೈಕಲ್ ಅಡ್ಡ ಹಿಡಿದು ಏನೂ ಆಗುವುದಿಲ್ಲ. ದೂರದಲ್ಲಿ ಕಂಡ ತಕ್ಷಣ ಅಲ್ಲಿಂದಲೇ ವಾಪಸ್ ತಿರುಗುವುದೊಂದೇ ದಾರಿ. ಬೆಲ್ ಹೊಡೆದು ಎಬ್ಬಿಸುವ ಕೆಲಸ ಬೇಡವೇ ಬೇಡ.

ಎಲ್ಲಾ ಎಚ್ಚರಿಕೆ ಇದ್ದೂ ನಮ್ಮ ಕೈಯಲ್ಲಿಲ್ಲದ್ದು ಇದ್ದೇ ಇರುತ್ತದೆ. 2011ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಯಲಿನಲ್ಲಿ ನಡೆಯುತ್ತಿದ್ದ ಸೈಕಲ್ ರೇಸ್‌ನಲ್ಲಿ, ಹಾರ್ಟ್‌ಬೀಸ್ಟ್ ಅನ್ನುವ ದೊಡ್ಡ ಹುಲ್ಲೆಯೊಂದು ಪಕ್ಕದಿಂದ ಓಡಿಬಂದು ಸವಾರನಿಗೆ ಗುದ್ದಿ ಎತ್ತಿ ಬಿಸಾಡಿತು. ಹಿಂದಿದ್ದವರ ಕ್ಯಾಮೆರಾದಲ್ಲಿ ಅದು ಸೆರೆಯಾಗಿ ಜಗತ್ತೆಲ್ಲಾ ನೋಡಿತು. ಹೆಲ್ಮೆಟ್ ಇದ್ದದ್ದಕ್ಕೆ ಅವರು ಸಣ್ಣ ಪೆಟ್ಟಿನಲ್ಲಿ ಪಾರಾದರು. ಜಿಂಕೆ ಜಾತಿಯವು ಗಾಬರಿಯಲ್ಲಿ ಯಾವ ಕಡೆ ಓಡುತ್ತವೆ ಅಂತ ಅವಕ್ಕೇ ಗೊತ್ತಿರುವುದಿಲ್ಲ. ಒಂದು ರಸ್ತೆ ದಾಟಿದರೆ ಅಲ್ಲಿಗೆ ಮುಗಿಯಿತು ಅಂತ ಅಂದುಕೊಳ್ಳಬೇಡಿ, ಹಿಂದೆ ಇನ್ನೊಂದು ಇದ್ದೇ ಇರುತ್ತದೆ ಅಂತಲೇ ಲೆಕ್ಕ. ನಮ್ಮ ಕಣ್ಣು ಮೊದಲನೆಯದರ ಹಿಂದೆಯೇ ಹೋಗುವುದರಿಂದ ಎರಡನೆಯದು ಕಾಣುವುದೇ ಇಲ್ಲ.

ಆಸ್ಟ್ರೇಲಿಯಾದಲ್ಲಿ ಸೈಕಲ್‌ನವರಿಗೆ ದೊಡ್ಡ ತಲೆನೋವು ಮ್ಯಾಗ್‌ಪೈ ಹಕ್ಕಿ. ಮರಿ ಮಾಡುವ ಕಾಲದಲ್ಲಿ, ಅಂದರೆ ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಕೆಲವು ಗಂಡುಗಳು ಗೂಡಿನ ಹತ್ತಿರ ಬಂದವರ ತಲೆಗೆ ಹಿಂದಿನಿಂದ ಎರಗುತ್ತವೆ. ಎಲ್ಲಾ ಹಕ್ಕಿಗಳೂ ಹಾಗೆ ಮಾಡುವುದಿಲ್ಲ, ಮಾಡುವವು ಜನರ ಮುಖ ನೆನಪಿಟ್ಟುಕೊಳ್ಳುತ್ತವೆ. ಕೊಕ್ಕಿನ ಪೆಟ್ಟಿಗಿಂತ ಅಪಾಯ ಇರುವುದು ನಮ್ಮ ಗಾಬರಿಯಲ್ಲಿ. 2019ರಲ್ಲಿ ಅಲ್ಲಿ ವಯಸ್ಸಾದ ಸವಾರರೊಬ್ಬರು ಹಕ್ಕಿಯಿಂದ ತಪ್ಪಿಸಿಕೊಳ್ಳಲು ಹ್ಯಾಂಡಲ್ ತಿರುಗಿಸಿ, ಬೇಲಿಯ ಕಂಬಕ್ಕೆ ಬಡಿದು ತೀರಿಕೊಂಡರು. ಹೆಲ್ಮೆಟ್ ತೆಗೆಯದೆ ಇಳಿದು, ಆ ಜಾಗ ದಾಟುವವರೆಗೆ ಸೈಕಲ್ ತಳ್ಳಿಕೊಂಡು ಹೋಗುವುದು ಒಳ್ಳೆಯದು. ಆ ದಾರಿಯನ್ನೇ ಕೆಲವು ವಾರ ಬಿಟ್ಟರೆ ಇನ್ನೂ ಒಳ್ಳೆಯದು.

ಹಾವಿನದು ಇದಕ್ಕೆ ಪೂರ್ತಿ ಉಲ್ಟಾ, ಅದು ನಮ್ಮ ಮೇಲೆ ಎರಗುವುದಲ್ಲ, ನಾವೇ ಅದರ ಮೇಲೆ ಹೋಗುತ್ತೇವೆ. ಬಿಸಿಲು ಇಳಿದ ಮೇಲೂ ಟಾರು ಬೆಚ್ಚಗಿರುತ್ತದೆ, ಮೈ ಕಾಯಿಸಲು ಅದು ರಸ್ತೆಗೆ ಬರುತ್ತದೆ. ನೆಲದ ಅದುರು ಅದಕ್ಕೆ ಚೆನ್ನಾಗಿ ತಿಳಿಯುತ್ತದೆ, ಆದರೆ ಸೈಕಲ್ ನೆಲವನ್ನು ಅದುರಿಸುವುದೇ ಕಮ್ಮಿ. ಸಂಜೆ ರಸ್ತೆ ಮೇಲೆ ಕಡ್ಡಿ, ಹಗ್ಗ ಏನೇ ಬಿದ್ದಿದ್ದರೂ ಹಾವು ಅಂದುಕೊಂಡೇ ದೂರದಿಂದ ನಿಲ್ಲಿಸಿ.

ಕತ್ತಲಾದ ಮೇಲೆ ಹೊರಡುವುದಾದರೆ ಹ್ಯಾಂಡಲ್ ದೀಪದ ಜೊತೆ ಹೆಲ್ಮೆಟ್ ಮೇಲೂ ಒಂದು ದೀಪ ಇರಲಿ. ರಾತ್ರಿ ಓಡಾಡುವ ಎಷ್ಟೋ ಪ್ರಾಣಿಗಳ ಕಣ್ಣಿನ ಹಿಂದೆ ಕನ್ನಡಿಯಂಥ ಒಂದು ಪದರ ಇದೆ, ಅದು ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ದೀಪ ನಮ್ಮ ಕಣ್ಣಿನ ಹತ್ತಿರ ಇದ್ದಷ್ಟೂ ಆ ಹೊಳಪು ಚೆನ್ನಾಗಿ ಕಾಣುತ್ತದೆ. ಒಂದು ಸಂಜೆ ಖಾಲಿ ಹುಲ್ಲುಗಾವಲು ಅಂದುಕೊಂಡಿದ್ದ ಕಡೆ ತಲೆ ತಿರುಗಿಸಿದಾಗ ಜೋಡಿ ಜೋಡಿಯಾಗಿ ಕಣ್ಣುಗಳು ಹೊತ್ತಿಕೊಂಡವು, ಇಡೀ ಜಿಂಕೆ ಹಿಂಡೇ ಅಲ್ಲಿತ್ತು. ಹ್ಯಾಂಡಲ್ ದೀಪದ ಬೆಳಕು ಮುಂದಿನ ರಸ್ತೆಗೆ ಮಾತ್ರ ಬೀಳುತ್ತಿತ್ತು.

ತಿಂಡಿ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಗಾಡಿ ನಿಲ್ಲಿಸಿ ಕೋತಿಗೆ ಬಿಸ್ಕೆಟ್ ಎಸೆದು ಹೋದವರಿಗೆ ಕಿಟಕಿ ಏರಿಸಲು ಗಾಜಿದೆ. ಆಮೇಲೆ ಅದೇ ಕೋತಿ ಚೀಲ ಕಂಡಲ್ಲೆಲ್ಲಾ ಹಾರುತ್ತದೆ, ಸಿಕ್ಕಿಬೀಳುವುದು ಹಿಂದೆ ಬರುವ ಸೈಕಲ್‌ನವರು. ಕೊನೆಗೆ ಹಿಡಿದು ಸಾಗಿಸುವುದು ಕೋತಿಯನ್ನೇ.

ನಾವು ಏನೂ ಮಾಡದೆ ಸುಮ್ನೆ ಹಾದುಹೋದರೂ ಪ್ರಾಣಿಗೆ ತೊಂದರೆ ಆಗುತ್ತದೆ. ಅಮೆರಿಕದ ಉಟಾ ರಾಜ್ಯದ ಆಂಟಲೋಪ್ ದ್ವೀಪದಲ್ಲಿ ಕಾಡುಕೋಣದ ಬಳಗದ ಬೈಸನ್ ಮತ್ತು ಜಿಂಕೆಗಳ ಮೇಲೆ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ನಡೆಯುವವರಿಗೂ ಸೈಕಲ್‌ನವರಿಗೂ ಅವು ಬೆದರುವುದರಲ್ಲಿ ಅಂಥಾ ವ್ಯತ್ಯಾಸ ಕಾಣಲಿಲ್ಲ. ಆದರೆ ಅದೇ ಹೊತ್ತಿನಲ್ಲಿ ಸೈಕಲ್ ಎಷ್ಟೋ ಜಾಸ್ತಿ ದೂರ ಹೋಗುತ್ತದೆ ಅಲ್ವಾ, ಹಾಗಾಗಿ ಒಂದು ಬೆಳಗ್ಗೆ ನಾವು ಎಬ್ಬಿಸುವ ಪ್ರಾಣಿಗಳೂ ಜಾಸ್ತಿ. ಇದನ್ನು ಓದಿದ ಮೇಲೆ ದಾರಿ ಬಿಟ್ಟು ಹುಲ್ಲಿನೊಳಗೆ ಸೈಕಲ್ ಇಳಿಸುವುದು ನನಗೆ ಸುತರಾಂ ಇಷ್ಟವಾಗುವುದಿಲ್ಲ. ಫೋಟೋಗೆ ಅಂತ ಹಿಂಬಾಲಿಸುವುದಂತೂ ಇನ್ನೂ ಕೆಟ್ಟದ್ದು.

ಪ್ರಾಣಿ ಕಂಡರೆ ಎದುರಿಗೆ ಬರುವ ಸವಾರರಿಗೆ ಕೈ ಎತ್ತಿ ನಿಲ್ಲಿಸಿ ಹೇಳಿ, ಮುಂದಿನ ತಿರುವಿನಲ್ಲಿ ಮರಿ ಜೊತೆ ಹಂದಿ ಇದೆ, ನಿಧಾನ ಅಂತ. ಇನ್ನೊಬ್ಬರು ಹೇಳಿದರೆ ನೀವೂ ನಿಂತು ಕೇಳಿ. ಗೂಡು, ಮರಿ ಇರುವ ಜಾಗದ ಗುರುತನ್ನು ಮಾತ್ರ ನೆಟ್‌ನಲ್ಲಿ ಹಾಕಬೇಡಿ, ನೋಡಲು ಬರುವವರ ಸಾಲೇ ಶುರುವಾಗುತ್ತದೆ. ಸವಾರಿಯ ದಾರಿಯನ್ನು ತಾನಾಗಿ ಎಲ್ಲರಿಗೂ ತೋರಿಸುವ ಆಪ್ ಇದ್ದರೆ ಆ ತುಣುಕನ್ನು ಮರೆಮಾಡಿ, ಮರಿಗಳು ದೊಡ್ಡವಾಗುವವರೆಗೆ ಬೇರೆ ದಾರಿ ಹಿಡಿಯಿರಿ.